ಮರದ ಲೇಖನಿಯ ಮೇಲೆ ಸುರುಳಿಯ ಚಿತ್ತಾರ

ಲೇಖನಿ ವಿದ್ಯಾರ್ಥಿಯ ನಿತ್ಯಸಂಗಾತಿ. ಆದರೆ ಲೇಖನಿಯಿಂದ ಬರೆಯುವಷ್ಟು ಸಲ ಲೇಖನಿಯನ್ನೇ ದಿಟ್ಟಿಸಿ ನೋಡುವವರು ವಿರಳ. ಪ್ಲಾಸ್ಟಿಕ್ಕಿನ ಲೇಖನಿಗಳು ಅಗ್ಗವಾಗಿ ದೊರೆಯುವ ಈ ಕಾಲದಲ್ಲಿಯೂ ಬೀಟೆ, ತೇಗ, ಕರಿಮರ ಮೊದಲಾದ ಮರಗಳನ್ನು ಲೇತಿನ ಮೇಲೆ ಕಡೆದು, ಒಂದೊಂದಾಗಿ ಲೇಖನಿಗಳನ್ನು ಮಾಡುವ ಕುಶಲಕರ್ಮಿಗಳು ಹಲವು ದೇಶಗಳಲ್ಲಿದ್ದಾರೆ. ಅಂಥ ಕೆಲವು ಲೇಖನಿಗಳ ಒಡಲನ್ನು ಹಗ್ಗದ ಹುರಿಯಂತೆ ಸುತ್ತಿಕೊಂಡು ಮೇಲೇರುವ ಗೀರುಗಳು ಅಲಂಕರಿಸಿರುತ್ತವೆ. ಹತ್ತಾರು ಗೀರುಗಳು ಒಂದನ್ನೊಂದು ಮುಟ್ಟದೆ, ಎಲ್ಲಿಯೂ ಹತ್ತಿರವಾಗದೆ, ದೂರವೂ ಆಗದೆ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸಾಗಿರುವುದನ್ನು ಕಂಡಾಗ, ಮಾಡಿದವನ ಕೈ ಅದೆಷ್ಟು ಸ್ಥಿರವಾಗಿರಬೇಕೆಂದು ಆಶ್ಚರ್ಯವಾಗುವುದು ಸಹಜ.

ಕೈಯ ಸ್ಥೈರ್ಯ ಬೇಕೇ ಬೇಕು. ಆದರೆ ಆ ಗೀರುಗಳನ್ನು ಅವುಗಳ ಹಾದಿಯಲ್ಲಿ ಹಿಡಿದು ನಡೆಸುವುದು ಪ್ರೌಢಶಾಲೆಯಲ್ಲಿ ನಾವೆಲ್ಲರೂ ಕಲಿತಿರುವ ರೇಖಾಗಣಿತದ ಒಂದು ಚಿಕ್ಕ ಸತ್ಯ. ದುಂಡನೆಯ ಕೋಲೊಂದು ಸಮವೇಗದಿಂದ ತಿರುಗುತ್ತಿರುವಾಗ ಅದರ ಮೈಮೇಲೆ ಮೊನೆಯೊಂದು ಸಮವೇಗದಿಂದ ಮುಂದೆ ಸರಿದರೆ ಸುರುಳಿಯ ಗೆರೆ ತಾನಾಗಿಯೇ ಮೂಡುತ್ತದೆ. ತಿರುಗುವಿಕೆಗೂ ಸರಿಯುವಿಕೆಗೂ ನಡುವಣ ಪ್ರಮಾಣ ಮಾತ್ರ ಕೆಲಸದುದ್ದಕ್ಕೂ ಕದಲಬಾರದು. ಈ ಒಂದು ಪ್ರಮಾಣವನ್ನು ಕೈಯಲ್ಲಿ ಹಿಡಿದುಕೊಂಡರೆ ಚಿತ್ತಾರದ ಅಂದ, ಯಂತ್ರದ ರಚನೆ, ಮರ ಸಿಗಿಯುವ ಅಪಾಯ ಈ ಮೂರನ್ನೂ ಮುಂಚಿತವಾಗಿಯೇ ಲೆಕ್ಕ ಹಾಕಬಹುದು. ಹಾಗೆ ಲೆಕ್ಕ ಹಾಕಬೇಕಾದ ಅಗತ್ಯವೂ ಉಂಟು. ಮರದಿಂದ ಒಮ್ಮೆ ಕೊರೆದು ತೆಗೆದ ಹುಡಿಯನ್ನು ಮತ್ತೆ ಮರವಾಗಿಸಲಾಗದು. ಹನ್ನೆರಡನೆಯ ಗೀರಿನಲ್ಲಿ ಆದ ತಪ್ಪು ಹಿಂದಿನ ಹನ್ನೊಂದು ಗೀರುಗಳ ಶ್ರಮವನ್ನೂ ನುಂಗಿಹಾಕುತ್ತದೆ.

ಎರಡು ಬಗೆಯ ಸುರುಳಿ

ಮೊದಲು ಪದಗಳ ತೊಡಕನ್ನು ಬಿಡಿಸಿಕೊಳ್ಳೋಣ. ‘ಸುರುಳಿ’ ಎಂಬ ಒಂದೇ ಪದವನ್ನು ನಾವು ಎರಡು ಬೇರೆ ಬೇರೆ ಆಕೃತಿಗಳಿಗೆ ಬಳಸುತ್ತೇವೆ. ಚಕ್ಕುಲಿಯನ್ನು ಒತ್ತುವಾಗ ಹಿಟ್ಟಿನ ಎಳೆ ನಡುವಿನಿಂದ ಹೊರಟು, ಸುತ್ತು ಹೆಚ್ಚಿದಂತೆಲ್ಲ ನಡುವಿನಿಂದ ದೂರ ಸರಿಯುತ್ತದೆ. ಸೊಳ್ಳೆಬತ್ತಿಯ ಆಕೃತಿಯೂ ಅದೇ. ಇವು ಸಮತಲದ ಮೇಲೆ ಮಲಗಿರುವ ಚಪ್ಪಟೆ ಸುರುಳಿಗಳು. ಅವರೆಯ ಬಳ್ಳಿ ಕೋಲನ್ನು ಸುತ್ತಿಕೊಂಡು ಏರುವ ಬಗೆ ಬೇರೆ. ಅಲ್ಲಿ ಬಳ್ಳಿಯು ಕೋಲಿನ ನಡುಗೆರೆಯಿಂದ, ಎಂದರೆ ಅಕ್ಷದಿಂದ, ಸದಾ ಒಂದೇ ದೂರದಲ್ಲಿದ್ದು ಸುತ್ತುತ್ತ ಸುತ್ತುತ್ತ ಮೇಲೇರುತ್ತದೆ. ತಿರುಪುಮೊಳೆಯ ಮೈಮೇಲಿನ ಗೆರೆ, ಬಾಲ್‌ಪೆನ್ನಿನ ಒಳಗಡೆ ಇರುವ ಸ್ಪ್ರಿಂಗು ಇವೆಲ್ಲ ಈ ಜಾತಿಗೆ ಸೇರಿದವು. ಇಂಗ್ಲಿಷಿನಲ್ಲಿ ಹೆಲಿಕ್ಸ್ ಎನ್ನುವ ಈ ಆಕೃತಿಯನ್ನು ಈ ಲೇಖನದಲ್ಲಿ ‘ಏರುಸುರುಳಿ’ ಎಂದು ಕರೆಯೋಣ. ಲೇಖನಿಯ ಮೇಲೆ ಕೊರೆಯುವುದು ಏರುಸುರುಳಿಯನ್ನು. ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಇನ್ನೊಂದು ಕಡೆಯಲ್ಲಿಯೂ ಪರಿಚಿತ: ಏಕರೂಪದ ಕಾಂತಕ್ಷೇತ್ರಕ್ಕೆ ಓರೆಯಾಗಿ ಹೊಕ್ಕ ಎಲೆಕ್ಟ್ರಾನು ಹಿಡಿಯುವ ಹಾದಿಯೂ ಏರುಸುರುಳಿಯೇ. ಅಲ್ಲಿಯೂ ವೃತ್ತಚಲನೆ ಒಂದು, ನೇರ ಮುನ್ನಡೆ ಒಂದು. ಎರಡೂ ಕೂಡಿ ಒಂದು ಹಾದಿ.

ಏರುಸುರುಳಿಗೆ ಎರಡು ಎಲ್ಲೆಗಳುಂಟು. ಕೋಲು ತಿರುಗುತ್ತಿದ್ದು ಮೊನೆ ಮುಂದೆ ಸರಿಯದಿದ್ದರೆ ಬಳೆಯಂಥ ಗೆರೆ ಬೀಳುತ್ತದೆ. ಚನ್ನಪಟ್ಟಣದ ಬೊಂಬೆಗಳ ಮೇಲೆ ಕಾಣುವ ಬಣ್ಣದ ಪಟ್ಟೆಗಳು ಇಂಥವು. ಅಲ್ಲಿ ಆಲೆ ಮರದ ತುಂಡು ವೇಗವಾಗಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಘರ್ಷಣೆಯ ಶಾಖದಿಂದ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಬೇಲೂರು, ಹಳೇಬೀಡುಗಳ ಕಡೆದ ಕಂಬಗಳ ಮೈಮೇಲಿರುವ ಬಳೆಸಾಲುಗಳೂ ಈ ಎಲ್ಲೆಗೇ ಸೇರಿದವು. ಇದಕ್ಕೆ ಪ್ರತಿಯಾಗಿ, ಮೊನೆ ಮುಂದೆ ಸರಿಯುತ್ತಿದ್ದು ಕೋಲು ತಿರುಗದಿದ್ದರೆ ಉದ್ದುದ್ದನೆಯ ನೇರ ಗೀರು ಬೀಳುತ್ತದೆ. ಬಳೆಗೂ ನೇರ ಗೀರಿಗೂ ನಡುವೆ ಇರುವುದೆಲ್ಲ ಏರುಸುರುಳಿಗಳ ರಾಜ್ಯ.

ಏರುಸುರುಳಿಗೆ ಬಲ, ಎಡ ಎಂಬ ಭೇದವೂ ಉಂಟು. ಲೇಖನಿಯನ್ನು ನೆಟ್ಟಗೆ ಹಿಡಿದಾಗ ನಮ್ಮ ಕಡೆಗಿರುವ ಗೀರು ಬಲಕ್ಕೆ ಏರುತ್ತಿದ್ದರೆ ಅದು ಬಲಸುರುಳಿ, ಎಡಕ್ಕೆ ಏರುತ್ತಿದ್ದರೆ ಎಡಸುರುಳಿ. ಸಾಮಾನ್ಯ ತಿರುಪುಮೊಳೆ ಬಲಸುರುಳಿ. ಲೇಖನಿಯನ್ನು ತಲೆಕೆಳಗು ಮಾಡಿದರೂ ಬಲಸುರುಳಿ ಬಲಸುರುಳಿಯಾಗಿಯೇ ಉಳಿಯುತ್ತದೆ. ಓದುಗರು ಒಂದು ತಿರುಪುಮೊಳೆಯನ್ನು ಕೈಗೆತ್ತಿಕೊಂಡು ಇದನ್ನು ಪರೀಕ್ಷಿಸಬಹುದು.

ಸುತ್ತಿದ ಕಾಗದವನ್ನು ಬಿಚ್ಚಿದರೆ

ಒಂದು ಕಾಗದವನ್ನು ಲಂಬಕೋನ ತ್ರಿಭುಜದ ಆಕಾರದಲ್ಲಿ ಕತ್ತರಿಸಿ, ಅದರ ಲಂಬವಾದ ಬಾಹು ಪೆನ್ಸಿಲಿನ ಉದ್ದಕ್ಕೆ ಹೊಂದುವಂತೆ ಇಟ್ಟು, ಪೆನ್ಸಿಲಿನ ಸುತ್ತ ಸುತ್ತಿರಿ. ತ್ರಿಭುಜದ ಕರ್ಣವು ಪೆನ್ಸಿಲಿನ ಮೇಲೆ ಏರುಸುರುಳಿಯಾಗಿ ಕಾಣಿಸುತ್ತದೆ. ಕಾಗದವನ್ನು ಬಿಚ್ಚಿದರೆ ಅದು ಮತ್ತೆ ನೇರ ರೇಖೆ. ಇದೇ ಈ ವಿದ್ಯೆಯ ಕೀಲಿಕೈ. ದುಂಡು ಮೈಯ ಮೇಲಿನ ಏರುಸುರುಳಿಯು ಬಿಚ್ಚಿದ ಹಾಳೆಯ ಮೇಲೆ ನೇರ ರೇಖೆಯಾದುದರಿಂದ, ಅದಕ್ಕೆ ಸಂಬಂಧಿಸಿದ ಲೆಕ್ಕಗಳನ್ನೆಲ್ಲ ಲಂಬಕೋನ ತ್ರಿಭುಜದಿಂದಲೇ ಮಾಡಬಹುದು.

ಆ ತ್ರಿಭುಜದ ಪಾದವು ಕೋಲಿನ ಪರಿಧಿ. ಕೋಲು ಒಂದು ಸುತ್ತು ತಿರುಗುವಷ್ಟರಲ್ಲಿ ಮೊನೆ ಅಕ್ಷದ ಉದ್ದಕ್ಕೆ ಎಷ್ಟು ಸರಿಯುತ್ತದೆಯೋ ಅದು ತ್ರಿಭುಜದ ಎತ್ತರ. ಅದನ್ನು ‘ಮುನ್ನಡೆ’ ಎನ್ನೋಣ. ಕರ್ಣವು ಒಂದು ಸುತ್ತಿನ ಗೀರಿನ ಉದ್ದ. ಗೀರು ಅಕ್ಷದೊಡನೆ ಮಾಡುವ ಕೋನದ ಟ್ಯಾಂಜೆಂಟು, ಪರಿಧಿಯನ್ನು ಮುನ್ನಡೆಯಿಂದ ಭಾಗಿಸಿದರೆ ದೊರೆಯುತ್ತದೆ. ಮುನ್ನಡೆ ಸೊನ್ನೆಯಾದರೆ ಕೋನ ೯೦ ಡಿಗ್ರಿ, ಅದೇ ಬಳೆ. ಮುನ್ನಡೆ ಮಿತಿಯಿಲ್ಲದೆ ಬೆಳೆದರೆ ಕೋನ ಸೊನ್ನೆಗೆ ಇಳಿಯುತ್ತದೆ. ಅದೇ ನೇರ ಗೀರು.

ಗೀರುಗಳ ಲೆಕ್ಕ

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕೈಯಿಂದ ಮಾಡುವ ಮರದ ಲೇಖನಿಗಳ ಒಳಗೆ ಸಾಮಾನ್ಯವಾಗಿ ಒಂದು ತೆಳ್ಳನೆಯ ಹಿತ್ತಾಳೆಯ ಕೊಳವೆ ಇರುತ್ತದೆ. ಮರವನ್ನು ಅದಕ್ಕೆ ಅಂಟಿನಿಂದ ಬಿಗಿದಿರುತ್ತಾರೆ. ಕೊಳವೆಯ ಹೊರವ್ಯಾಸ ೧೦ ಮಿಲಿಮೀಟರು, ಕಡೆದು ಮುಗಿಸಿದ ಮರದ ಹೊರವ್ಯಾಸ ೧೪ ಮಿಲಿಮೀಟರು, ಒಡಲಿನ ಉದ್ದ ೫೫ ಮಿಲಿಮೀಟರು ಎಂದಿಟ್ಟುಕೊಳ್ಳೋಣ. ಪೈ ಬೆಲೆಯನ್ನು ೨೨/೭ ಎಂದು ಹಿಡಿದರೆ ಪರಿಧಿ ೪೪ ಮಿಲಿಮೀಟರು. ಮುನ್ನಡೆಯನ್ನೂ ೪೪ ಮಿಲಿಮೀಟರಿಗೆ ಇಟ್ಟುಕೊಂಡರೆ ಟ್ಯಾಂಜೆಂಟು ೧ ಆಗಿ, ಗೀರು ಅಕ್ಷದೊಡನೆ ೪೫ ಡಿಗ್ರಿ ಕೋನ ಮಾಡುತ್ತದೆ.

ಒಂದೇ ಗೀರು ಇಷ್ಟು ಉದ್ದನೆಯ ಒಡಲನ್ನು ಒಂದೂಕಾಲು ಸಲ ಮಾತ್ರ ಸುತ್ತುತ್ತದೆ, ಅದರಿಂದ ಚಿತ್ತಾರವಾಗದು. ಆದುದರಿಂದ ಒಂದೇ ತುದಿಯಿಂದ, ಸಮಾನ ದೂರಗಳಲ್ಲಿ ಹಲವು ಗೀರುಗಳನ್ನು ಆರಂಭಿಸಬೇಕು. ಹನ್ನೆರಡು ಗೀರುಗಳನ್ನು ಆರಂಭಿಸಿದರೆ ಪರಿಧಿಯ ಉದ್ದಕ್ಕೆ ಅವುಗಳ ನಡುವಣ ಅಂತರ ೪೪/೧೨, ಎಂದರೆ ೩.೬೭ ಮಿಲಿಮೀಟರು. ಆದರೆ ಕಣ್ಣಿಗೆ ಕಾಣುವ ಅಂತರ ಇದಲ್ಲ. ಗೀರುಗಳು ಓರೆಯಾಗಿರುವುದರಿಂದ ಅವುಗಳಿಗೆ ಲಂಬವಾಗಿ ಅಳೆದ ಅಂತರವನ್ನು ತೆಗೆದುಕೊಳ್ಳಬೇಕು. ಅದು ೩.೬೭ನ್ನು ೪೫ ಡಿಗ್ರಿಯ ಕೊಸೈನಿನಿಂದ ಗುಣಿಸಿದರೆ ದೊರೆಯುವ ೨.೫೯ ಮಿಲಿಮೀಟರು. ಗೀರಿನ ಅಗಲ ೧ ಮಿಲಿಮೀಟರಾದರೆ ಎರಡು ಗೀರುಗಳ ನಡುವೆ ಉಳಿಯುವ ಏಣಿನ ಅಗಲ ೧.೫೯ ಮಿಲಿಮೀಟರು. ಕೈಗೂ ಕಣ್ಣಿಗೂ ಹಿತವಾದ ಅಳತೆ.

ಹನ್ನೆರಡರ ಬದಲು ಇಪ್ಪತ್ತನಾಲ್ಕು ಗೀರುಗಳನ್ನು ಕೊರೆದರೆ ಇನ್ನೂ ಅಂದವಾಗಬಹುದೆಂದು ತೋರಬಹುದು. ಲೆಕ್ಕ ಏನು ಹೇಳುತ್ತದೆ? ಲಂಬವಾದ ಅಂತರ ೧.೩೦ ಮಿಲಿಮೀಟರಿಗೆ ಇಳಿಯುತ್ತದೆ. ಗೀರಿನ ಅಗಲವನ್ನು ಕಳೆದರೆ ಏಣಿಗೆ ಉಳಿಯುವುದು ೦.೩೦ ಮಿಲಿಮೀಟರು ಮಾತ್ರ. ಅಷ್ಟು ತೆಳ್ಳಗಿನ ಏಣು ಮರಳುಕಾಗದದ ಉಜ್ಜುವಿಕೆಗೇ ಉದುರಿಹೋದೀತು. ಆಸೆಯನ್ನು ಮರದ ಮೇಲೆ ಪರೀಕ್ಷಿಸುವುದಕ್ಕೆ ಮೊದಲು ಕಾಗದದ ಮೇಲೆ ಪರೀಕ್ಷಿಸಿದರೆ ಲಾಭವೇನೆಂಬುದು ಇದರಿಂದ ತಿಳಿಯುತ್ತದೆ.

ಹನ್ನೆರಡು ಬಲಸುರುಳಿಗಳ ಮೇಲೆ ಅಷ್ಟೇ ಮುನ್ನಡೆಯ ಹನ್ನೆರಡು ಎಡಸುರುಳಿಗಳನ್ನು ಕೊರೆದರೆ ಒಡಲೆಲ್ಲ ಹಾವಿನ ಮೈಯಂತೆ ವಜ್ರಾಕೃತಿಯ ಮನೆಗಳಿಂದ ತುಂಬಿಹೋಗುತ್ತದೆ. ಮನೆಗಳೆಷ್ಟು? ನಮ್ಮ ಉದಾಹರಣೆಯಲ್ಲಿ ಕೋನ ೪೫ ಡಿಗ್ರಿಯಾದುದರಿಂದ ಪ್ರತಿಯೊಂದು ಮನೆಯೂ ಬಿಚ್ಚಿದ ಹಾಳೆಯ ಮೇಲೆ ಒಂದು ಚೌಕ. ಅದರ ಕರ್ಣ ೩.೬೭ ಮಿಲಿಮೀಟರು, ವಿಸ್ತೀರ್ಣ, ಕರ್ಣದ ವರ್ಗದ ಅರ್ಧ, ೬.೭೨ ಚದರ ಮಿಲಿಮೀಟರು. ಇಡೀ ಹಾಳೆಯ ವಿಸ್ತೀರ್ಣ ೪೪ × ೫೫ = ೨,೪೨೦ ಚದರ ಮಿಲಿಮೀಟರು. ಭಾಗಿಸಿದರೆ, ತುದಿಗಳ ಅರೆಮನೆಗಳನ್ನು ಜೋಡಿಸಿ ಎಣಿಸುವಲ್ಲಿ, ೩೬೦ ಮನೆಗಳು. ಹೆಬ್ಬೆರಳಿಗಿಂತ ತುಸು ಕಡಮೆ ಉದ್ದದ ಮರದ ಮೇಲೆ ಮುನ್ನೂರ ಅರವತ್ತು ಮನೆಗಳು! ಒಂದೊಂದು ಗೀರಿನ ಉದ್ದ ೫೫ನ್ನು ೪೫ ಡಿಗ್ರಿಯ ಕೊಸೈನಿನಿಂದ ಭಾಗಿಸಿದಷ್ಟು, ಎಂದರೆ ೭೭.೮ ಮಿಲಿಮೀಟರು. ಇಪ್ಪತ್ತನಾಲ್ಕು ಗೀರುಗಳನ್ನು ಕೂಡಿಸಿದರೆ ೧.೮೭ ಮೀಟರು, ಎತ್ತರದ ಆಳಿನಷ್ಟು ಉದ್ದ. ಇಷ್ಟು ದೂರ ಮೊನೆಯನ್ನು ಹಾದಿತಪ್ಪದಂತೆ ನಡೆಸಬೇಕಾದುದೇ ಕುಶಲಕರ್ಮಿಯ ಸಮಸ್ಯೆ.

ಯಂತ್ರವು ಪ್ರಮಾಣವನ್ನು ಕಾಯುವ ಬಗೆ

ಈ ಸಮಸ್ಯೆಗೆ ಉತ್ತರ ಕಂಡುಕೊಂಡದ್ದು ಯುರೋಪಿನ ಕಡೆತದ ಕಲೆ. ೧೭೦೧ರಲ್ಲಿ ಫ್ರಾನ್ಸಿನ ಲಿಯೋಂ ನಗರದಲ್ಲಿ ಚಾರ್ಲ್ಸ್ ಪ್ಲುಮಿಯೇ ಎಂಬಾತ ಕಡೆಯುವ ಕಲೆಯನ್ನು ಕುರಿತು ಚಿತ್ರಸಹಿತವಾದ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದನು. ೧೭೯೦ರ ದಶಕದಲ್ಲಿ ಸ್ಟ್ರಾಸ್‌ಬುರ್ಗಿನಿಂದ ಬಂದು ಲಂಡನ್ನಿನಲ್ಲಿ ನೆಲಸಿದ ಜಾನ್ ಜೇಕಬ್ ಹೋಲ್ಟ್ಸಾಫೆಲ್ ಮತ್ತು ಅವನ ವಂಶದವರು ಅಲಂಕಾರದ ಕಡೆತಕ್ಕೆಂದೇ ವಿಶೇಷವಾದ ಲೇತುಗಳನ್ನು ತಯಾರಿಸಿದರು. ಅವುಗಳಿಗೆ ಜೋಡಿಸಬಹುದಾದ ಉಪಕರಣಗಳಲ್ಲಿ ಸುರುಳಿ ಕೊರೆಯುವ ಉಪಕರಣವೂ ಒಂದಾಗಿತ್ತು. ಈ ಮನೆತನದವರು ತಮ್ಮ ವಿದ್ಯೆಯನ್ನು ಬಚ್ಚಿಡದೆ ೧೮೪೩ರಿಂದ ೧೮೮೪ರವರೆಗೆ ಐದು ಸಂಪುಟಗಳಲ್ಲಿ ಬರೆದು ಪ್ರಕಟಿಸಿದರು. ಇದೇ ಕಾಲದಲ್ಲಿ, ೧೮೦೦ರ ಸುಮಾರಿಗೆ, ಲಂಡನ್ನಿನಲ್ಲಿಯೇ ಹೆನ್ರಿ ಮಾಡ್ಸ್‌ಲೇ ಎಂಬ ಯಂತ್ರಶಿಲ್ಪಿ ಲೋಹದ ಮೇಲೆ ನಿಖರವಾದ ತಿರುಪುಗಳನ್ನು ಕೊರೆಯುವ ಲೇತನ್ನು ನಿರ್ಮಿಸಿದನು. ಒಂದು ಅಲಂಕಾರಕ್ಕೆ, ಇನ್ನೊಂದು ಕಾರ್ಖಾನೆಗೆ. ಆದರೆ ಎರಡರ ಒಳಗಿನ ತತ್ತ್ವ ಒಂದೇ.

ಆ ತತ್ತ್ವ ಹೀಗಿದೆ. ಸಾಮಾನ್ಯ ಕಡೆತದಲ್ಲಿ ಮರ ವೇಗವಾಗಿ ತಿರುಗುತ್ತದೆ, ಉಳಿ ತಿರುಗದು. ಸುರುಳಿಯ ಕೊರೆತದಲ್ಲಿ ಪಾತ್ರಗಳು ಅದಲುಬದಲಾಗುತ್ತವೆ. ಮೊನಚಾದ ಪುಟ್ಟ ಕೊರೆಯುಳಿಯೊಂದು ವಿದ್ಯುತ್ತಿನ ಮೋಟಾರಿನಿಂದ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಮರವಾದರೋ ಮೆಲ್ಲಮೆಲ್ಲನೆ ತಿರುಗುತ್ತದೆ. ಕೊರೆಯುಳಿಯನ್ನು ಹೊತ್ತ ಪೀಠವನ್ನು ಉದ್ದನೆಯ ತಿರುಪೊಂದು ಅಕ್ಷದ ನೇರಕ್ಕೆ ಸರಿಸುತ್ತದೆ. ಈ ತಿರುಪಿಗೂ ಮರವನ್ನು ಹಿಡಿದ ದಂಡಕ್ಕೂ ಹಲ್ಲುಚಕ್ರಗಳ ಸಂಬಂಧ ಕಲ್ಪಿಸಲಾಗಿರುತ್ತದೆ. ಹಲ್ಲಿಗೆ ಹಲ್ಲು ಕಚ್ಚಿಕೊಂಡಿರುವುದರಿಂದ ಕೈ ಅವಸರಪಟ್ಟರೂ ನಿಧಾನಿಸಿದರೂ ಎರಡು ಚಲನೆಗಳೂ ಒಟ್ಟಿಗೆ ಅವಸರಪಡುತ್ತವೆ, ಒಟ್ಟಿಗೆ ನಿಧಾನಿಸುತ್ತವೆ. ಪ್ರಮಾಣ ಮಾತ್ರ ಕದಲದು.

ನಮ್ಮ ಲೇಖನಿಗೆ ಬೇಕಾದ ಚಕ್ರಗಳಾವುವು? ಪೀಠವನ್ನು ಸರಿಸುವ ತಿರುಪು ಒಂದು ಸುತ್ತಿಗೆ ೨ ಮಿಲಿಮೀಟರು ಸರಿಸುವುದಾದರೆ, ೪೪ ಮಿಲಿಮೀಟರಿನ ಮುನ್ನಡೆಗೆ ಅದು ೨೨ ಸುತ್ತು ತಿರುಗಬೇಕು. ಅಷ್ಟರಲ್ಲಿ ಮರ ಒಂದೇ ಸುತ್ತು ತಿರುಗಬೇಕು. ೨೨ನ್ನು ೪ × ೫.೫ ಎಂದು ಒಡೆಯೋಣ. ತಿರುಪಿನ ಮೇಲಿನ ೨೦ ಹಲ್ಲಿನ ಚಕ್ರವು ನಡುದಂಡದ ೮೦ ಹಲ್ಲಿನ ಚಕ್ರವನ್ನು ತಿರುಗಿಸಲಿ. ಅದೇ ನಡುದಂಡದ ಮೇಲಿರುವ ಇನ್ನೊಂದು ೨೦ ಹಲ್ಲಿನ ಚಕ್ರವು ಮರದ ದಂಡದ ೧೧೦ ಹಲ್ಲಿನ ಚಕ್ರವನ್ನು ತಿರುಗಿಸಲಿ. ಪ್ರಮಾಣ ಸರಿಹೋಯಿತು. ಇವುಗಳ ನಡುವೆ ಒಂದು ಚಕ್ರವನ್ನು ಹೆಚ್ಚಾಗಿ ಸೇರಿಸಿದರೆ, ಅದರ ಹಲ್ಲುಗಳು ಎಷ್ಟೇ ಇರಲಿ, ಪ್ರಮಾಣ ಬದಲಾಗುವುದಿಲ್ಲ. ಮರ ತಿರುಗುವ ದಿಕ್ಕು ಮಾತ್ರ ಬದಲಾಗುತ್ತದೆ. ಬಲಸುರುಳಿ ಎಡಸುರುಳಿಯಾಗಲು ಇಷ್ಟೇ ಸಾಕು.

ಕೈಪಿಡಿಯನ್ನು ಎಲ್ಲಿ ಜೋಡಿಸಬೇಕು? ಮರದ ದಂಡಕ್ಕೆ ಜೋಡಿಸಿದರೆ ಒಂದು ಸುತ್ತಿಗೆ ತಿರುಪನ್ನು ೨೨ ಸುತ್ತು ಓಡಿಸಬೇಕಾಗುತ್ತದೆ. ತಿರುಪಿನಲ್ಲಿರುವ ಘರ್ಷಣೆಯು ೨೨ ಮಡಿಯಾಗಿ ಕೈಗೆ ತಗಲುತ್ತದೆ. ತಿರುಪಿಗೆ ಜೋಡಿಸಿದರೆ ಕೈಪಿಡಿಯ ಒಂದು ಸುತ್ತಿಗೆ ಪೀಠ ೨ ಮಿಲಿಮೀಟರು ಸರಿದು, ಮರ ಸುಮಾರು ೧೬ ಡಿಗ್ರಿ ತಿರುಗುತ್ತದೆ. ಕೆಲಸ ಹಗುರ, ನಡೆ ನಯ. ಇನ್ನೊಂದು ಎಚ್ಚರಿಕೆಯೂ ಬೇಕು. ಹಲ್ಲುಗಳ ನಡುವೆ ಯಾವಾಗಲೂ ಕೂದಲೆಳೆಯಷ್ಟು ಸಡಿಲು ಇರುತ್ತದೆ. ಹೋಗುವಾಗ ಒಂದು ಗೀರು, ಬರುವಾಗ ಒಂದು ಗೀರು ಎಂದು ಕೊರೆದರೆ ಆ ಸಡಿಲು ಗೀರಿನ ಸ್ಥಾನದಲ್ಲಿ ಕಾಣಿಸಿಕೊಳ್ಳುತ್ತದೆ. ಆದುದರಿಂದ ಎಲ್ಲ ಗೀರುಗಳನ್ನೂ ಒಂದೇ ದಿಕ್ಕಿನಲ್ಲಿ ಕೊರೆಯತಕ್ಕದ್ದು.

ಒಂದು ಗೀರು ಮುಗಿದ ಮೇಲೆ ಮರವನ್ನು ೩೦ ಡಿಗ್ರಿ ತಿರುಗಿಸಿ ಮುಂದಿನದನ್ನು ಆರಂಭಿಸಬೇಕು. ಇದನ್ನು ಪ್ರತಿಸಲವೂ ಹಿಂದಿನ ಗೀರಿನಿಂದ ಅಳೆದು ಮಾಡಿದರೆ, ಒಂದೊಂದು ಸಲಕ್ಕೆ ಅರ್ಧ ಡಿಗ್ರಿಯ ತಪ್ಪಾದರೂ ಹನ್ನೆರಡು ಸಲಕ್ಕೆ ೬ ಡಿಗ್ರಿ ಕೂಡುತ್ತದೆ. ನಮ್ಮ ಒಡಲಿನ ಮೇಲೆ ಅದು ೦.೭೩ ಮಿಲಿಮೀಟರು, ಕೊನೆಯ ಗೀರಿಗೂ ಮೊದಲನೆಯದಕ್ಕೂ ನಡುವಣ ಮನೆ ಉಳಿದವುಗಳಿಗಿಂತ ಐದನೆಯ ಒಂದು ಪಾಲಿನಷ್ಟು ವ್ಯತ್ಯಾಸವಾಗಿ ಎದ್ದು ಕಾಣುತ್ತದೆ. ಇದಕ್ಕೆ ಪರಿಹಾರ ಭಾಗತಟ್ಟೆ: ಅಂಚಿನಲ್ಲಿ ಸಮಾನ ದೂರಗಳಲ್ಲಿ ರಂಧ್ರಗಳಿರುವ ಒಂದು ಲೋಹದ ತಟ್ಟೆ. ಗೂಟವೊಂದು ಎರಡೆರಡು ರಂಧ್ರಗಳನ್ನು ದಾಟಿ ಕೂರುವಂತೆ ಮಾಡಿದರೆ ೨೪ ರಂಧ್ರಗಳ ತಟ್ಟೆಯಿಂದ ಹನ್ನೆರಡು ಭಾಗಗಳು ದೊರೆಯುತ್ತವೆ. ಇಲ್ಲಿ ತಪ್ಪುಗಳು ಒಂದರ ಮೇಲೊಂದು ಕೂಡಿಕೊಳ್ಳುವುದಿಲ್ಲ. ಒಂದು ರಂಧ್ರದ ತಪ್ಪು ಆ ಗೀರಿಗಷ್ಟೇ ಸೀಮಿತ. ಅದಲ್ಲದೆ ತಟ್ಟೆಯ ತ್ರಿಜ್ಯ ೭೦ ಮಿಲಿಮೀಟರು, ಲೇಖನಿಯ ತ್ರಿಜ್ಯ ೭ ಮಿಲಿಮೀಟರು ಆದರೆ, ತಟ್ಟೆಯ ಅಂಚಿನಲ್ಲಿ ಆದ ತಪ್ಪು ಲೇಖನಿಯ ಮೇಲೆ ಹತ್ತನೆಯ ಒಂದು ಪಾಲಿಗೆ ಕುಗ್ಗುತ್ತದೆ. ದೊಡ್ಡ ವೃತ್ತದಲ್ಲಿ ಅಳೆದು ಚಿಕ್ಕ ವೃತ್ತದಲ್ಲಿ ಕೆಲಸ ಮಾಡುವ ಈ ಉಪಾಯ ಪ್ರಯೋಗಶಾಲೆಯ ಹಲವು ಉಪಕರಣಗಳಲ್ಲಿಯೂ ಉಂಟು.

ಮರದ ನಾರು

ಇದುವರೆಗಿನ ಲೆಕ್ಕ ಯಾವ ವಸ್ತುವಿಗಾದರೂ ಸಲ್ಲುತ್ತದೆ. ಆದರೆ ಮರ ಎಲ್ಲ ದಿಕ್ಕುಗಳಲ್ಲಿಯೂ ಒಂದೇ ಬಗೆಯ ವಸ್ತುವಲ್ಲ. ಅದು ಉದ್ದುದ್ದನೆಯ ನಾರುಗಳ ಕಟ್ಟು. ನಾರಿನ ಉದ್ದಕ್ಕೆ ಎಳೆದರೆ ಬಲು ಗಟ್ಟಿ. ನಾರುಗಳನ್ನು ಒಂದರಿಂದೊಂದು ಬೇರ್ಪಡಿಸುವುದು ಸುಲಭ. ಸೌದೆಯನ್ನು ಉದ್ದಕ್ಕೆ ಸೀಳುವುದಕ್ಕೂ ಅಡ್ಡಕ್ಕೆ ಕಡಿಯುವುದಕ್ಕೂ ಇರುವ ವ್ಯತ್ಯಾಸ ಎಲ್ಲರೂ ಬಲ್ಲುದೇ.

ಲೇಖನಿಯಲ್ಲಿ ನಾರುಗಳು ಸಾಮಾನ್ಯವಾಗಿ ಅಕ್ಷದ ನೇರಕ್ಕೆ ಇರುತ್ತವೆ. ಸುರುಳಿಯ ಗೀರು ಅವುಗಳನ್ನು ಓರೆಯಾಗಿ ತುಂಡರಿಸುತ್ತದೆ. ೧.೫೯ ಮಿಲಿಮೀಟರು ಅಗಲದ ಏಣಿನಲ್ಲಿ ಒಂದೊಂದು ನಾರಿನ ಉದ್ದ ೧.೫೯ನ್ನು ೪೫ ಡಿಗ್ರಿಯ ಸೈನಿನಿಂದ ಭಾಗಿಸಿದಷ್ಟು, ಸುಮಾರು ೨.೨೫ ಮಿಲಿಮೀಟರು ಮಾತ್ರ. ವಜ್ರಾಕೃತಿಯ ಮನೆಯ ಮೂಲೆಗಳಲ್ಲಂತೂ ಇನ್ನೂ ಗಿಡ್ಡ. ಗಿಡ್ಡ ನಾರಿಗೆ ಆಸರೆ ಕಡಮೆ. ಒತ್ತಡ ಬಿದ್ದೊಡನೆ ಮೂಲೆಗಳು ಎದ್ದುಹೋಗುತ್ತವೆ. ಓರೆ ಗೀರಿನಲ್ಲಿ ಇನ್ನೊಂದು ವಿಚಿತ್ರವೂ ಉಂಟು. ತಿರುಗುವ ಕೊರೆಯುಳಿಯ ಅಲಗು ಗೀರಿನ ಒಂದು ಬದಿಯಲ್ಲಿ ನಾರನ್ನು ಅನುಸರಿಸಿ ಕತ್ತರಿಸುತ್ತದೆ, ಎದುರು ಬದಿಯಲ್ಲಿ ನಾರನ್ನು ಎದುರಿಸಿ ಎಬ್ಬಿಸುತ್ತದೆ. ಒಂದು ಅಂಚು ನುಣುಪಾಗಿ, ಇನ್ನೊಂದು ಅಂಚು ಒರಟಾಗಿ ಬರುವುದಕ್ಕೆ ಇದೇ ಕಾರಣ.

ಪರಿಹಾರವೇನು? ಪ್ರತಿಯೊಂದು ಕಚ್ಚಿಗೂ ಅತ್ಯಲ್ಪ ಮರವನ್ನು ತೆಗೆಯುವುದು. ಕೊರೆಯುಳಿ ನಿಮಿಷಕ್ಕೆ ೨೦,೦೦೦ ಸುತ್ತು ತಿರುಗುತ್ತ, ಅದಕ್ಕೆ ಎರಡು ಅಲಗುಗಳಿದ್ದರೆ, ಸೆಕೆಂಡಿಗೆ ಸುಮಾರು ೬೬೭ ಕಚ್ಚುಗಳಾಗುತ್ತವೆ. ೭೭.೮ ಮಿಲಿಮೀಟರಿನ ಗೀರನ್ನು ಅರ್ಧ ನಿಮಿಷದಲ್ಲಿ ಮುಗಿಸಿದರೆ ಒಂದು ಕಚ್ಚಿಗೆ ಮುನ್ನಡೆ ಸುಮಾರು ೦.೦೦೪ ಮಿಲಿಮೀಟರು. ಅಷ್ಟು ಚಿಕ್ಕ ಕಚ್ಚು ನಾರನ್ನು ಕಿತ್ತೆಬ್ಬಿಸದೆ ಕತ್ತರಿಸಬಲ್ಲುದು. ಇಷ್ಟು ಹೆಚ್ಚಿನ ವೇಗ ಏಕೆಂದು ಕೇಳಬಹುದು. ಶಂಕುವಿನಾಕಾರದ ಕೊರೆಯುಳಿಯಲ್ಲಿ ಮರಕ್ಕೆ ತಗಲುವ ಭಾಗದ ವ್ಯಾಸ ಗೀರಿನ ಅಗಲದಷ್ಟೇ, ಎಂದರೆ ೧ ಮಿಲಿಮೀಟರು. ಆದುದರಿಂದ ೨೦,೦೦೦ ಸುತ್ತುಗಳಿದ್ದರೂ ಅಂಚಿನಲ್ಲಿ ಅಲಗಿನ ವೇಗ ಸೆಕೆಂಡಿಗೆ ಸುಮಾರು ಒಂದು ಮೀಟರು, ತುತ್ತತುದಿಯಲ್ಲಂತೂ ಸೊನ್ನೆ. ತುದಿಯು ಕತ್ತರಿಸದೆ ಉಜ್ಜುತ್ತದೆ. ಅಲಗು ಮೊಂಡಾಗಿದ್ದರೆ ಗೀರಿನ ತಳ ಸುಟ್ಟು ಕಪ್ಪಾಗುವುದು ಇದರಿಂದಲೇ.

ಆಳದ ಪ್ರಶ್ನೆ

ಕೊನೆಯದಾಗಿ ಆಳವನ್ನು ನಿರ್ಧರಿಸಬೇಕು. ಕೊರೆಯುಳಿಯ ಮೊನೆ ೯೦ ಡಿಗ್ರಿಯ ಕೋನದ್ದಾದರೆ ಗೀರಿನ ಅಗಲ ಆಳದ ಇಮ್ಮಡಿ. ಅರ್ಧ ಮಿಲಿಮೀಟರು ಆಳಕ್ಕೆ ಒಂದು ಮಿಲಿಮೀಟರು ಅಗಲ. ಕೊಳವೆಯ ಮೇಲಣ ಮರದ ದಪ್ಪ ೨ ಮಿಲಿಮೀಟರು. ಗೀರಿನ ಕೆಳಗೆ ಒಂದೂವರೆ ಮಿಲಿಮೀಟರು ಉಳಿಯುತ್ತದೆ. ಇದು ಸಾಕು.

ಆದರೆ ಲೇಖನಿಯ ಒಡಲು ತುದಿಯ ಕಡೆಗೆ ಸಣ್ಣದಾಗುವುದು ವಾಡಿಕೆ. ಒಂದು ತುದಿಯಲ್ಲಿ ೧೪ ಮಿಲಿಮೀಟರು ವ್ಯಾಸವಿದ್ದು ಇನ್ನೊಂದು ತುದಿಯಲ್ಲಿ ೧೨ ಮಿಲಿಮೀಟರು ಆದರೆ ಏನಾಗುತ್ತದೆ? ತ್ರಿಜ್ಯದ ವ್ಯತ್ಯಾಸ ೧ ಮಿಲಿಮೀಟರು. ಕೊರೆಯುಳಿಯು ಅಕ್ಷಕ್ಕೆ ಸಮಾಂತರವಾಗಿ ಸರಿದರೆ, ದಪ್ಪ ತುದಿಯಲ್ಲಿ ಅರ್ಧ ಮಿಲಿಮೀಟರು ಆಳಕ್ಕೆ ಇಳಿದ ಮೊನೆ ಸಣ್ಣ ತುದಿಯಲ್ಲಿ ಮರದಿಂದ ಅರ್ಧ ಮಿಲಿಮೀಟರು ಮೇಲೆ ಗಾಳಿಯಲ್ಲಿ ಹಾದುಹೋಗುತ್ತದೆ. ಅದಕ್ಕಾಗಿ ಒಡಲಿನ ಓರೆಯಷ್ಟೇ ಓರೆಯುಳ್ಳ ಒಂದು ಪಟ್ಟಿಯ ಮೇಲೆ ಪೀಠದ ಬೆರಳು ಜಾರುತ್ತ ಸಾಗುವಂತೆ ಮಾಡುತ್ತಾರೆ. ಆಗ ಆಳ ಎಲ್ಲೆಡೆಯೂ ಒಂದೇ. ಆದರೂ ಸಣ್ಣ ತುದಿಯಲ್ಲಿ ಕೊಳವೆಯ ಮೇಲಿರುವ ಮರ ೧ ಮಿಲಿಮೀಟರು ಮಾತ್ರವೆಂಬುದನ್ನು ಮರೆಯಬಾರದು. ದಪ್ಪ ತುದಿಯಲ್ಲಿ ಚೆನ್ನಾಗಿ ಕಾಣುತ್ತದೆಂದು ೦.೮ ಮಿಲಿಮೀಟರು ಆಳ ಇಟ್ಟರೆ ಇಲ್ಲಿ ಉಳಿಯುವುದು ೦.೨ ಮಿಲಿಮೀಟರು, ಎರಡು ಹಾಳೆ ಕಾಗದದ ದಪ್ಪ. ಅತ್ಯಂತ ತೆಳ್ಳಗಿನ ಸ್ಥಳವನ್ನು ನೋಡಿ ಆಳವನ್ನು ನಿರ್ಧರಿಸಬೇಕೆಂಬುದು ಇಲ್ಲಿನ ನಿಯಮ. ಕೋನವೂ ಬದಲಾಗುತ್ತದೆ: ಪರಿಧಿ ೩೭.೭ ಮಿಲಿಮೀಟರಿಗೆ ಇಳಿದು, ಮುನ್ನಡೆ ೪೪ ಆಗಿಯೇ ಇರುವುದರಿಂದ, ಕೋನ ೪೫ರಿಂದ ೪೦.೬ ಡಿಗ್ರಿಗೆ ಇಳಿಯುತ್ತದೆ. ತುದಿಯ ಕಡೆಗೆ ಗೀರುಗಳು ತುಸು ನೆಟ್ಟಗಾಗಿ, ತುಸು ಒತ್ತಾಗಿ ಕಾಣುವುದಕ್ಕೆ ಇದೇ ಕಾರಣ. ಆ ನೋಟದ ಚೆಲುವಿಗೂ ಇದೇ ಕಾರಣ.

ತೆಳ್ಳಗಿನ ಮರದ ಭಯ ಕೊರೆಯುವ ದಿನಕ್ಕೆ ಮುಗಿಯುವುದಿಲ್ಲ. ಮರವು ತೇವದ ಹವೆಯಲ್ಲಿ ನಾರಿಗೆ ಅಡ್ಡವಾಗಿ ಹಿಗ್ಗುತ್ತದೆ, ಒಣ ಹವೆಯಲ್ಲಿ ಕುಗ್ಗುತ್ತದೆ. ಒಳಗಿನ ಹಿತ್ತಾಳೆ ಹಾಗೆ ಕುಗ್ಗುವುದಿಲ್ಲ. ಆಗ ಮರವು ಕೊಳವೆಯ ಸುತ್ತ ಬಿಗಿದ ಪಟ್ಟಿಯಂತಾಗಿ, ಬಿಗಿತ ಮಿತಿಮೀರಿದರೆ ನಾರಿನ ಉದ್ದಕ್ಕೆ ಬಿರಿಯುತ್ತದೆ. ನೇರ ಗೀರುಗಳುಳ್ಳ ಒಡಲಿನಲ್ಲಿ ಗೀರಿನ ತಳವು ನಾರಿನ ದಿಕ್ಕಿನಲ್ಲಿಯೇ ಇರುವುದರಿಂದ ಅದು ಬಿರುಕಿಗೆ ಮೊದಲೇ ಸಿದ್ಧಪಡಿಸಿಟ್ಟ ಹಾದಿಯಾಗುತ್ತದೆ. ಸುರುಳಿಯ ಗೀರಿನಲ್ಲಿಯಾದರೋ ಬಿರುಕು ನಾರಿನೊಡನೆ ಸಾಗುತ್ತ ಮತ್ತೆ ಮತ್ತೆ ದಪ್ಪನೆಯ ಏಣುಗಳನ್ನು ದಾಟಬೇಕು. ಅಲಂಕಾರಕ್ಕೆಂದು ಗೀರನ್ನು ಓರೆ ಮಾಡಿದುದು ಬಲಕ್ಕೂ ಸಹಾಯವಾಯಿತು.

ಯಂತ್ರವಿಲ್ಲದೆ ಒಂದು ಪ್ರಯೋಗ

ಇಂಥ ಯಂತ್ರ ಎಲ್ಲರಿಗೂ ದೊರೆಯದು. ಆದರೆ ಹಳೆಯ ರೂಲುದೊಣ್ಣೆಯೊಂದು ಸಿಕ್ಕಿದರೆ ಈ ಪಾಠವನ್ನು ಕೈಯಿಂದಲೇ ಕಲಿಯಬಹುದು. ಕಾಗದದ ಪಟ್ಟಿಯೊಂದನ್ನು ದೊಣ್ಣೆಗೆ ಬಿಗಿಯಾಗಿ ಸುತ್ತಿ, ಅಂಚುಗಳು ಕೂಡುವಲ್ಲಿ ಗುರುತುಮಾಡಿ ಕತ್ತರಿಸಿರಿ. ಪರಿಧಿಯನ್ನು ವ್ಯಾಸದಿಂದ ಲೆಕ್ಕಹಾಕುವುದಕ್ಕಿಂತ ಇದು ಉತ್ತಮ. ಏಕೆಂದರೆ ಕಾಗದದ ದಪ್ಪವೂ ಅಳತೆಯಲ್ಲಿ ಸೇರಿಕೊಳ್ಳುತ್ತದೆ. ಕಾಗದವನ್ನು ಬಿಚ್ಚಿ ಕೆಳ ಅಂಚನ್ನು ಆರು ಸಮಭಾಗ ಮಾಡಿರಿ. ಎಡ ಕೆಳಮೂಲೆಯಿಂದ ಹೊರಟು ಬಲ ಅಂಚನ್ನು ಮುನ್ನಡೆಯಷ್ಟು ಎತ್ತರದಲ್ಲಿ ಮುಟ್ಟುವ ರೇಖೆಯನ್ನು ಎಳೆದು, ಉಳಿದ ಐದು ಬಿಂದುಗಳಿಂದ ಅದಕ್ಕೆ ಸಮಾಂತರ ರೇಖೆಗಳನ್ನು ಎಳೆಯಿರಿ. ಒಂದು ರೇಖೆ ಬಲ ಅಂಚನ್ನು ಮುಟ್ಟಿದ ಎತ್ತರದಲ್ಲಿಯೇ ಎಡ ಅಂಚಿನಿಂದ ಅದನ್ನು ಮುಂದುವರಿಸಬೇಕು. ಈಗ ಕಾಗದವನ್ನು ದೊಣ್ಣೆಗೆ ಅಂಟಿಸಿದರೆ ಆರು ಏರುಸುರುಳಿಗಳು ಎಲ್ಲಿಯೂ ತುಂಡಾಗದೆ ಸುತ್ತಿಕೊಳ್ಳುತ್ತವೆ. ಅಂಟು ಒಣಗಿದ ಮೇಲೆ ಸಣ್ಣ ಗರಗಸದಿಂದ ಗೆರೆಯ ಮೇಲೆ ತುಸುವೇ ಕಚ್ಚುಮಾಡಿ, ಮುಮ್ಮೂಲೆಯ ಅರದಿಂದ ಮೆಲ್ಲನೆ ಉಜ್ಜುತ್ತ, ಎಡಗೈಯಿಂದ ದೊಣ್ಣೆಯನ್ನು ತಿರುಗಿಸುತ್ತ ಹೋಗಿರಿ. ಒಂದೇ ಗೀರನ್ನು ಆಳಕ್ಕೆ ಇಳಿಸದೆ ಆರನ್ನೂ ಸರದಿಯಂತೆ ಸ್ವಲ್ಪಸ್ವಲ್ಪವಾಗಿ ಇಳಿಸುವುದು ಲೇಸು. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆಯ ಮುಸುಕು ಇರಲಿ. ಬೀಟೆಯಂಥ ಮರಗಳ ನುಣ್ಣನೆಯ ಹುಡಿ ಕೆಲವರ ಚರ್ಮಕ್ಕೂ ಉಸಿರಿಗೂ ಒಗ್ಗುವುದಿಲ್ಲ.

ಎಡಗೈ ತಿರುಗಿಸುತ್ತದೆ, ಬಲಗೈ ಸರಿಯುತ್ತದೆ. ಎರಡನ್ನೂ ಹೊಂದಿಸುವ ಹಲ್ಲುಚಕ್ರಗಳ ಕೆಲಸವನ್ನು ಇಲ್ಲಿ ಕಾಗದದ ಮೇಲಿನ ಗೆರೆ ಮಾಡುತ್ತದೆ. ಗೀರು ಎಲ್ಲಿ ಡೊಂಕಾಯಿತೋ ಅಲ್ಲಿ ಪ್ರಮಾಣ ಕದಲಿತೆಂದು ಅರ್ಥ. ತ್ರಿಕೋನಮಿತಿಯನ್ನು ಪರೀಕ್ಷೆಯ ಹೊರೆಯೆಂದು ಭಾವಿಸುವ ವಿದ್ಯಾರ್ಥಿಗೆ, ಬೆರಳ ತುದಿಯಲ್ಲಿ ಅದರ ಅರ್ಥವನ್ನು ಮುಟ್ಟಿ ತಿಳಿಯಲು ಇದಕ್ಕಿಂತ ಸುಲಭವಾದ ಸಾಧನ ಬೇಕಿಲ್ಲ.

ಅಭ್ಯಾಸ

೧. ಒಡಲಿನ ವ್ಯಾಸ ೨೧ ಮಿಲಿಮೀಟರು, ಮುನ್ನಡೆ ೬೬ ಮಿಲಿಮೀಟರು. ಗೀರು ಅಕ್ಷದೊಡನೆ ಮಾಡುವ ಕೋನವೆಷ್ಟು? ಗೀರುಗಳ ಲಂಬ ಅಂತರ ೩ ಮಿಲಿಮೀಟರಿಗಿಂತ ಕಡಮೆಯಾಗಬಾರದಾದರೆ ಹೆಚ್ಚೆಂದರೆ ಎಷ್ಟು ಗೀರುಗಳನ್ನು ಕೊರೆಯಬಹುದು? ೨೪ ರಂಧ್ರಗಳ ಭಾಗತಟ್ಟೆ ಮಾತ್ರ ಇದ್ದರೆ?

೨. ಪೀಠದ ತಿರುಪು ಒಂದು ಸುತ್ತಿಗೆ ೧.೫ ಮಿಲಿಮೀಟರು ಸರಿಸುತ್ತದೆ. ಮುನ್ನಡೆ ೩೦ ಮಿಲಿಮೀಟರು ಬೇಕು. ೨೦, ೨೦, ೮೦, ೧೦೦ ಹಲ್ಲುಗಳ ಚಕ್ರಗಳನ್ನು ಹೇಗೆ ಜೋಡಿಸುವಿರಿ?

೩. ಬಲಸುರುಳಿಯನ್ನು ತಲೆಕೆಳಗು ಮಾಡಿದರೆ ಬಲಸುರುಳಿಯೇ. ಕನ್ನಡಿಯಲ್ಲಿ ನೋಡಿದರೆ?

ಉತ್ತರಗಳು: ೧. ೪೫ ಡಿಗ್ರಿ, ೧೫ ಗೀರುಗಳು, ೨೪ನ್ನು ಸಮನಾಗಿ ಭಾಗಿಸುವ ಸಂಖ್ಯೆಯಾಗಬೇಕಾದುದರಿಂದ ೧೨. ೨. ತಿರುಪಿನ ೨೦ರಿಂದ ನಡುದಂಡದ ೮೦ಕ್ಕೆ, ನಡುದಂಡದ ೨೦ರಿಂದ ಮರದ ದಂಡದ ೧೦೦ಕ್ಕೆ; ೪ × ೫ = ೨೦. ೩. ಎಡಸುರುಳಿ.